ಗೌರಮ್ಮನಿಗೆ ಏಣಿ ಬರೆದವನು

ಕಳೆದ ಭಾನುವಾರ ದೀಕ್ಷಾ ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದು, "ಅಜ್ಜಿ, ಇದು ನೀನೇ ಅಲ್ವಾ?" ಎಂದು ಕೇಳಿದಳು. ನಾನೇ. ನನ್ನ ಹಸಿರು ಅಂಚಿನ ಸೀರೆ, ನಮ್ಮ ಜಗಲಿ, ಹಿಂದೆ ಮೆಣಸು ಒಣಗಲು ಹಾಕಿದ ಚಾಪೆ. ಚಿತ್ರದಲ್ಲಿ ನಾನು ಮಾತಾಡಲು ಬಾಯಿ ತೆರೆಯುತ್ತೇನೆ. ಅಷ್ಟರಲ್ಲಿ ಪಿಟೀಲು ಶುರುವಾಗುತ್ತದೆ. ನನ್ನ ಗದ್ದದ ಕೆಳಗೆ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ದೀಕ್ಷಾ ಅದನ್ನು ಕನ್ನಡ ಮಾಡಿ ಹೇಳಿದಳು: "ಮರ ಏಣಿಯನ್ನು ಕೇಳುವುದಿಲ್ಲ, ಮನುಷ್ಯ ಕೇಳುತ್ತಾನೆ. ಕೊಡಗಿನ ಒಬ್ಬ ಅಜ್ಜಿಯ ಮಾತು."

ಮಕ್ಕಳೇ, ಅಂಥ ಮಾತನ್ನು ನಾನು ಆಡಿಲ್ಲ. ಈ ಮನೆಯಲ್ಲಿ ಯಾರೂ ಆಡಿಲ್ಲ. ಆಡಿದ್ದರೆ ನಿಮ್ಮ ಚಿಕ್ಕಜ್ಜ ಜ್ವರ ಉಂಟೋ ಎಂದು ಹಣೆ ಮುಟ್ಟಿ ನೋಡುತ್ತಿದ್ದರು.

ಆ ಚಿತ್ರವನ್ನು ದೀಕ್ಷಾಳ ಕಾಲೇಜಿನಲ್ಲಿ ತೋರಿಸಿದರಂತೆ. ಅದನ್ನು ಮಾಡಿಸಿದವನು ಕಂಪನಿಯ ಕೆಲಸ ಬಿಟ್ಟು, ಈಗ ಆ ಕೆಲಸವನ್ನು ಬೇರೆಯವರಿಗೆ ಕಲಿಸುತ್ತಾ ಊರೂರು ತಿರುಗುತ್ತಾನಂತೆ. ನಲವತ್ತೈದು ದಾಟಿರಲಾರದು, ಆಗಲೇ ನಿವೃತ್ತಿ. ಸಭೆಯವರೆಲ್ಲ ಎದ್ದು ಚಪ್ಪಾಳೆ ಹೊಡೆದರಂತೆ. ದೀಕ್ಷಾಳಿಗೂ ಅದೇ ಕೆಲಸ ಮಾಡುವ ಆಸೆ ಹುಟ್ಟಿದೆ. ಅವನು ಎಂಥ ಮನುಷ್ಯ, ಅವತ್ತು ನಾನು ನಿಜವಾಗಿ ಏನು ಹೇಳಿದೆ ಎಂದು ಎಲ್ಲರೂ ಸೇರಿ ಪೀಡಿಸಿದಿರಿ. ನಾಲ್ಕು ಜನರ ಎದುರು ನನಗೆ ಮಾತು ಹೊರಡುವುದಿಲ್ಲ, ನಿಮಗೆ ಗೊತ್ತು. ಆದ್ದರಿಂದ ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ಅವನಿಗೂ ಹೆಂಡತಿ ಮಕ್ಕಳಿದ್ದಾರೆ. ಎದುರಿಗಿದ್ದಾಗ 'ಅವರು' ಎನ್ನುತ್ತಿದ್ದೆ. ಇಲ್ಲಿ 'ಅವನು' ಎಂದೇ ಇರಲಿ.

ಅವನು ಮೊದಲ ಸಲ ಬಂದದ್ದು ಕೊರೋನಾಕ್ಕಿಂತ ಮುಂಚೆ, ಕಾಫಿ ಕೊಯ್ಲು ಮುಗಿದು ಕರಿಮೆಣಸು ಕೊಯ್ಯಲು ಶುರುವಾದ ಹೊತ್ತಿಗೆ. ತೋಟದ ಕೆಲಸಕ್ಕೆ ಬೇಕಾದ ಸಾಮಾನು ಮಾಡುವ ಬೆಂಗಳೂರಿನ ಒಂದು ಕಂಪನಿಯವನು. ನಿಮ್ಮ ಚಿಕ್ಕಜ್ಜ, ಅಂದರೆ ನನ್ನ ಮೈದುನ, ಆಗಷ್ಟೇ ಜಗಲಿಯ ಪಕ್ಕದ ಕೋಣೆಗೆ ಟೈಲ್ಸ್ ಹಾಕಿಸಿ ಹೋಮ್‌ಸ್ಟೇ ಎಂದು ಬೋರ್ಡು ತಗಲಿಸಿದ್ದರು. ಅದಕ್ಕೆ ಬಂದ ಮೊದಲ ಅತಿಥಿ ಅವನೇ.

"ನಾನು ಪ್ರಾಡಕ್ಟ್ ಮ್ಯಾನೇಜರ್" ಎಂದು ಪರಿಚಯ ಮಾಡಿಕೊಂಡ.

ನಮ್ಮ ಕಡೆ ಮ್ಯಾನೇಜರ್ ಎಂದರೆ ಜೀಪು, ಟೋಪಿ, ಕೈಕೆಳಗೆ ಲೆಕ್ಕ ಬರೆಯುವ ಒಬ್ಬ ರೈಟರು, ರೈಟರ ಕೈಕೆಳಗೆ ಮೇಸ್ತ್ರಿ. ಚಿಕ್ಕಜ್ಜ ಮರ್ಯಾದೆಯಿಂದ ಕುರ್ಚಿ ಕೊಟ್ಟು ಕೇಳಿದರು: "ಎಷ್ಟು ಜನ ಉಟ್ಟು ನಿಮ್ಮ ಕೈಕೆಳಗೆ?"

"ಯಾರೂ ಇಲ್ಲ ಸರ್."

"ಹಂಗಾರೆ ಸಾಮಾನು ಮಾಡುದು ಯಾರು?"

"ಎಂಜಿನಿಯರ್ಸ್ ಮಾಡ್ತಾರೆ."

"ಮಾರುದು?"

"ಅದಕ್ಕೆ ಸೇಲ್ಸ್ ಟೀಮ್ ಇದೆ."

"ಮತ್ತೆ ನೀವು ಎಂತ ಮಾಡುದು?"

"ಏನು ಮಾಡಬೇಕು, ಯಾರಿಗೆ, ಯಾಕೆ ಅಂತ ಬರೀತೀನಿ ಸರ್. ಅದನ್ನ ನೋಡಿ ಅವರು ಮಾಡ್ತಾರೆ."

ಚಿಕ್ಕಜ್ಜ ಒಳಗೆ ಬಂದು ನನ್ನ ಕಿವಿಯಲ್ಲಿ ಹೇಳಿದರು: "ಅತ್ತಿಗೆ, ಇವ ಜಾತಕ ಬರೆವವ. ಕೂಸು ಹುಟ್ಟುವ ಮೊದ್ಲೇ."

ಅವನು ಬರೆಯಲು ಬಂದದ್ದು ಮೆಣಸು ಕೊಯ್ಯುವ ಏಣಿಯ ಜಾತಕ.

ನಮ್ಮ ಏಣಿ ನಿಮಗೆ ಗೊತ್ತಿರುವಂಥದ್ದೇ. ಒಂಟಿ ಬಿದಿರು, ಗಿಣ್ಣುಗಳ ಹತ್ತಿರ ತೂತು ಕೊರೆದು ಗೂಟ ಸಿಕ್ಕಿಸಿದ್ದು. ಹತ್ತುವವನು ತನ್ನ ಕಾಲಿನ ಅಳತೆಗೆ ತಾನೇ ಗೂಟ ಕೂರಿಸಿಕೊಳ್ಳುತ್ತಾನೆ. ಒಬ್ಬನ ಏಣಿಗೆ ಇನ್ನೊಬ್ಬ ಕಾಲಿಡುವುದಿಲ್ಲ. ಚಪ್ಪಲಿ ಬೇಕಾದರೆ ಕೇಳಿಯಾರು, ಏಣಿ ಕೇಳುವುದಿಲ್ಲ. ಒಂದು ಮರದ ಬಳ್ಳಿ ಕೊಯ್ದಾದ ಮೇಲೆ ಏಣಿಯನ್ನು ಮಲಗಿಸುವುದೂ ಇಲ್ಲ. ಕೆಳಗೆ ಕಾಫಿ ಗಿಡ ಒತ್ತಾಗಿರುತ್ತದೆ, ಮಲಗಿಸಿದರೆ ಅದರ ಕೊಂಬೆ, ನಮ್ಮ ಮಾತಿನಲ್ಲಿ ರೆಕ್ಕೆ, ಮುರಿಯುತ್ತದೆ, ಬರುವ ವರ್ಷದ ಹೂವು ಹೋಗುತ್ತದೆ. ಆದ್ದರಿಂದ ಏಣಿಯನ್ನು ನೆಟ್ಟಗೆ ನಿಲ್ಲಿಸಿ, ಎದೆಗೆ ಒರಗಿಸಿಕೊಂಡು, ಗಿಡಗಳ ನಡುವೆ ಹಾಗೇ ನಡೆದುಕೊಂಡು ಮುಂದಿನ ಮರಕ್ಕೆ ಹೋಗುತ್ತಾರೆ. ದೂರದಿಂದ ನೋಡಿದರೆ ಬಿದಿರು ತಾನೇ ನಡೆದಂತೆ ಕಾಣುತ್ತದೆ. ನಮ್ಮ ತೋಟದ ಕೆಲಸದ ಬೋಜ ಹಾಗೆ ಏಣಿ ಹಿಡಿದು ನಡೆಯುತ್ತಾ ಬೀಡಿಯನ್ನೂ ಹಚ್ಚುತ್ತಿದ್ದ.

ಇದನ್ನೆಲ್ಲ ಅವನು ನೋಡಿದ. ತೋಟಕ್ಕೆ ಹೋಗಿ, ಮಣ್ಣಾಗದ ಬೂಟಿನಲ್ಲಿ ದಾರಿಯ ಮೇಲೆ ನಿಂತು ನೋಡಿದ. ಒಂದು ದಿನವೂ ಏಣಿಯನ್ನು ಮುಟ್ಟಿದ್ದು ನಾನು ಕಾಣಲಿಲ್ಲ. ಅವನ ಕೈ ಮುಟ್ಟುತ್ತಿದ್ದದ್ದು ಎರಡೇ ವಸ್ತು: ಫೋನು ಮತ್ತು ಹಿಂದೆ ಅಂಟಿರುವ ಹಳದಿ ಚೀಟಿ. ಯಾರು ಏನು ಹೇಳಿದರೂ ಎರಡು ಬೆರಳಿನಲ್ಲಿ ಚೀಟಿ ಸರಕ್ಕನೆ ಎಳೆದು ಬರೆದು ನಮ್ಮ ಜಗಲಿಯ ಗೋಡೆಗೆ ಅಂಟಿಸುತ್ತಿದ್ದ. ಸುಣ್ಣ ಹೊಡೆಸಿದ ಗೋಡೆ ಒಂದು ವಾರದಲ್ಲಿ ಅರಿಸಿನ ಬಣ್ಣಕ್ಕೆ ತಿರುಗಿತು.

ಅವನಿಗೆ ಒಂದು ಚಟವಿತ್ತು. "ಐದು ಸಲ ಯಾಕೆ ಅಂತ ಕೇಳಿದ್ರೆ ನಿಜ ಹೊರಗೆ ಬರುತ್ತೆ ಆಂಟಿ" ಎನ್ನುತ್ತಿದ್ದ. ಕಾಫಿ ಲೋಟದ ಮೇಲೆ ತಟ್ಟೆ ಯಾಕೆ ಮುಚ್ಚುತ್ತೀರಿ ಎಂದ. ನೊಣಕ್ಕೆ. ನೊಣ ಯಾಕೆ? ಕೊಟ್ಟಿಗೆ ಹತ್ತಿರ ಉಂಟು. ಕೊಟ್ಟಿಗೆ ಯಾಕೆ ಹತ್ತಿರ? ಮಾವ ಹಾಗೆ ಕಟ್ಟಿಸಿದರು. ಅವರು ಯಾಕೆ ಹಾಗೆ ಕಟ್ಟಿಸಿದರು? ಅವರು ತೀರಿಹೋಗಿ ತುಂಬ ವರ್ಷ ಆಯ್ತು, ಎಂದೆ. ಐದನೆಯ 'ಯಾಕೆ' ಅವನ ಬಾಯಲ್ಲೇ ಉಳಿಯಿತು. ಕಾಫಿ ಆರಿಹೋಯಿತು.

ಒಂದು ಬೆಳಿಗ್ಗೆ ಗೋಡೆಯ ನಡುವೆ ಒಬ್ಬ ಹೆಂಗಸಿನ ಬಣ್ಣದ ಚಿತ್ರ ಅಂಟಿಸಿದ್ದ. ನಗುಮುಖ, ತಲೆಗೆ ವಸ್ತ್ರ, ಕೈಯಲ್ಲಿ ಬುಟ್ಟಿ. ನಮ್ಮ ಕಡೆಯವಳಲ್ಲ, ಬುಟ್ಟಿಯಲ್ಲಿದ್ದದ್ದು ಚಹಾ ಸೊಪ್ಪು. ಕೆಳಗೆ ಏನೇನೋ ಬರೆದಿದ್ದ. ಮಧ್ಯಾಹ್ನ ಕೂಲಿಯವರು ಗಂಜಿಗೆ ಬಂದಾಗ ಎಲ್ಲರನ್ನೂ ಕೂರಿಸಿ ಓದಿ ಹೇಳಿದ. ಇವಳ ಹೆಸರು ಗೌರಮ್ಮ. ವಯಸ್ಸು ಮೂವತ್ತೆಂಟು. ಇಬ್ಬರು ಮಕ್ಕಳು. ಹತ್ತು ಕೆಜಿಗಿಂತ ಹೆಚ್ಚು ಭಾರ ಎತ್ತಲಾರಳು. ಗಂಡಸರ ಹಾಗೆ ತಾನೂ ಮೆಣಸು ಕೊಯ್ದು ಸ್ವಂತ ಕಾಲ ಮೇಲೆ ನಿಲ್ಲಬೇಕೆಂಬುದು ಅವಳ ಕನಸು.

ಲಚ್ಚಿ ಗಂಜಿಯ ಬಟ್ಟಲು ಕೆಳಗಿಟ್ಟಳು. ಲಚ್ಚಿ ಬೋಜನ ಹೆಂಡತಿ, ಕಾಫಿ ಮೂಟೆ ಹೊತ್ತು ಓಡುವವಳು. "ಯಾರ ಲೈನ್ ಮನೆಲಿ ಇರುದು ಸಾರ್ ಇವಳು?"

"ಇವರು ನಿಜವಾಗಿ ಇಲ್ಲಮ್ಮ. ನಿಮ್ಮೆಲ್ಲರನ್ನೂ ಸೇರಿಸಿ ನಾನು ಮಾಡಿದ್ದು."

"ನಮ್ಮನ್ನೆಲ್ಲ ಸೇರಿಸಿದ್ರೆ ಹತ್ತು ಕೆಜಿ ಎತ್ತುದಿಲ್ವಾ?"

ಬೋಜ ನಗುತ್ತಾ, "ಅವಳ ಗಂಡ ಎಂತ ಮಾಡ್ತಾನೆ ಸಾರ್? ಅವನಿಗೆ ಇನ್ನೊಬ್ಬಳು ಬೇಕಾರೆ ನಮ್ಮ ಲಚ್ಚಿ ಉಂಟು" ಎಂದ. ಲಚ್ಚಿ ಬಟ್ಟಲಿನ ಗಂಜಿ ನೀರನ್ನು ಗಂಡನ ಕಾಲ ಮೇಲೆ ಚೆಲ್ಲಿದಳು. ಎಲ್ಲರೂ ನಕ್ಕರು. ಅವನೂ ನಕ್ಕು ಒಂದು ಚೀಟಿ ಬರೆದ.

ಆಮೇಲೆ ನಡೆದ ಪ್ರತಿ ಮಾತಿಗೂ ಗೌರಮ್ಮನದೇ ಅಪ್ಪಣೆ. ಅವನು ಬರೆಯುವ ರೀತಿಯೂ ಹಾಗೇ. 'ಗೌರಮ್ಮನಾದ ನಾನು, ಹಗುರವಾದ ಏಣಿಯನ್ನು ಬಯಸುತ್ತೇನೆ, ಯಾಕೆಂದರೆ ನನಗೆ ಸುಸ್ತಾಗಬಾರದು.' 'ಗೌರಮ್ಮನಾದ ನಾನು, ಮಡಚುವ ಏಣಿಯನ್ನು ಬಯಸುತ್ತೇನೆ, ಯಾಕೆಂದರೆ ಒಂದು ಮರದಿಂದ ಇನ್ನೊಂದಕ್ಕೆ ಸುಲಭವಾಗಿ ಒಯ್ಯಬೇಕು.' ಪುರೋಹಿತರು ಸಂಕಲ್ಪ ಹೇಳಿಸಿದ ಹಾಗೆ. ಜಗಲಿಯಲ್ಲಿ ಕೂತ ನಿಜವಾದ ಹೆಂಗಸರನ್ನು ದಾಟಿ ಅವನ ಕಣ್ಣು ಗೋಡೆಯ ಹೆಂಗಸಿನ ಮೇಲೆ ಹೋಗುತ್ತಿತ್ತು.

ಒಂದು ಸಂಜೆ ನಾನು ಅಡುಗೆಮನೆ ಬಾಗಿಲ ಹಿಂದೆ ನಿಂತಿದ್ದಾಗ, "ಆಂಟಿ, ನೀವು ಏನೂ ಹೇಳ್ಲೇ ಇಲ್ಲ. ಹೇಳಿ, ಇಲ್ಲಿ ತಪ್ಪು ಉತ್ತರ ಅಂತ ಇಲ್ಲ" ಎಂದ. ನಾಚಿಕೆಯಾಯಿತು. ಆದರೂ ಹೇಳಿದೆ. ನಮ್ಮವರು ಏಣಿ ಮಲಗಿಸುವುದಿಲ್ಲ, ಮಡಚುವುದೂ ಇಲ್ಲ, ನಿಲ್ಲಿಸಿಕೊಂಡೇ ನಡೆಯುತ್ತಾರೆ. ತೋಟದ ಮೇಲೆ ಆಚೆ ಊರಿಗೆ ಹೋಗುವ ಕರೆಂಟಿನ ತಂತಿ ಉಂಟು. ನೀವು ಮಾಡುವುದು ಅಲ್ಯೂಮಿನಿಯಮ್ಮಿನದಲ್ವಾ, ಎಂದೆ.

ಇದೇನೂ ನನ್ನ ಬುದ್ಧಿವಂತಿಕೆಯಲ್ಲ. ತಂತಿ ಎಲ್ಲರ ತಲೆಯ ಮೇಲೂ ಇತ್ತು, ಎಲ್ಲರಿಗೂ ಗೊತ್ತಿತ್ತು. ಅವನು ಕೇಳಿದ, ನಾನು ಹೇಳಿದೆ, ಅಷ್ಟೇ.

"ಸೂಪರ್ ಇನ್‌ಸೈಟ್ ಆಂಟಿ!" ಎಂದು ಚೀಟಿ ಎಳೆದ. ನನಗೆ ಇಂಗ್ಲಿಷ್ ಬಾರದೆಂದು ನೆನಪಾಗಿ ಚೀಟಿಯ ಮೂಲೆಯಲ್ಲಿ ಒಂದು ಪುಟ್ಟ ಮಿಂಚಿನ ಗುರುತು ಬರೆದು ತೋರಿಸಿದ. ಗೋಡೆಯಲ್ಲಿ ಮೂರು ಸಾಲುಗಳಿದ್ದವು: ಮೊದಲನೆಯದು ಆಗಲೇಬೇಕಾದದ್ದು, ಎರಡನೆಯದು ಆದರೆ ಒಳ್ಳೆಯದು, ಮೂರನೆಯದು ಮುಂದೆ ನೋಡೋಣ. ಮಿಂಚಿನ ಚೀಟಿ ಮೊದಲನೇ ಸಾಲಿಗೆ ಹೋಯಿತು. ಒಳ್ಳೆಯ ಮನುಷ್ಯ ಎಂದುಕೊಂಡೆ. ಅವತ್ತು ರಾತ್ರಿ ಊಟಕ್ಕೆ ಅವನಿಗೆ ಒಂದು ಕಡುಬು ಹೆಚ್ಚು ಹಾಕಿದೆ.

ಎರಡು ದಿನ ಬಿಟ್ಟು ನಾನು ಕಾಫಿ ಇಡಲು ಹೋದಾಗ ಅವನು ಫೋನಿನಲ್ಲಿ ಬೆಂಗಳೂರಿನವರ ಜೊತೆ ವಾದ ಮಾಡುತ್ತಿದ್ದ. "ಶಾಕ್ ಹೊಡೆಯದ ಮಟೀರಿಯಲ್ ಹಾಕಿದ್ರೆ ವೆಯ್ಟ್ ಎಷ್ಟಾಗುತ್ತೆ? ಅಷ್ಟಾ? ಇಲ್ಲಪ್ಪ, ಗೌರಮ್ಮಂಗೆ ಆಗಲ್ಲ. ಹಗುರ ಅನ್ನೋದೇ ನಮ್ಮ ಪ್ರಾಡಕ್ಟು. ಮುಂದಿನ ಸೀಸನ್ ಮಿಸ್ ಆದ್ರೆ ಇನ್ನೊಂದು ವರ್ಷ ಹೋಯ್ತು." ಮಾತಾಡುತ್ತಲೇ ಎರಡು ಬೆರಳಿನಲ್ಲಿ ಮಿಂಚಿನ ಚೀಟಿಯನ್ನು ಕಿತ್ತು ಮೂರನೇ ಸಾಲಿಗೆ ಅಂಟಿಸಿದ. ನಾನು ನೋಡಿದ್ದನ್ನು ನೋಡಿ, ಫೋನಿಗೆ ಕೈ ಅಡ್ಡ ಹಿಡಿದು, "ಬಿಟ್ಟಿಲ್ಲ ಆಂಟಿ, ಎರಡನೇ ವರ್ಷನ್‌ನಲ್ಲಿ ಖಂಡಿತ. ಸದ್ಯಕ್ಕೆ ಮಡಚಿ ಒಯ್ಯಿರಿ ಅಂತ ಸೂಚನೆ ಬರೀತೀನಿ" ಎಂದ.

ಗೌರಮ್ಮನಿಗೆ ಕರೆಂಟು ಹೊಡೆಯುವುದಿಲ್ಲವಲ್ಲ. ಅವಳಿಗೆ ಸುಸ್ತಾಗುತ್ತದೆ, ಕನಸು ಬೀಳುತ್ತದೆ, ಮಕ್ಕಳ ಚಿಂತೆಯಿದೆ. ತಂತಿ ಮಾತ್ರ ಅವಳ ತಲೆಯ ಮೇಲೆ ಇಲ್ಲ. ಅವನು ಬರೆದಿರಲಿಲ್ಲ.

ಮರುವರ್ಷ ಮೆಣಸಿನ ಹೊತ್ತಿಗೆ ಏಣಿಗಳು ಬಂದವು. ಸುಳ್ಳು ಹೇಳಬಾರದು, ನೋಡಲು ಚಂದವಿದ್ದವು. ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಲಚ್ಚಿ ಒಂದೇ ಕೈಯಲ್ಲಿ ಎತ್ತಿ ತಿರುಗಿಸಿದಳು. ಪರೀಕ್ಷೆಗೆ ಪುಕ್ಕಟೆ ಕೊಟ್ಟದ್ದು ಎಂದು ಚಿಕ್ಕಜ್ಜನಿಗೂ ಖುಷಿ. ಎಲ್ಲರಿಗಿಂತ ಹೆಚ್ಚು ಮರುಳಾದವನು ಬೋಜ. ಅವನಿಗೆ ಬೆನ್ನು ನೋವಿತ್ತು. ತನ್ನ ಬಿದಿರಿನ ಏಣಿಯನ್ನು ಕಡಿದು ಬೀನ್ಸ್ ಬಳ್ಳಿಗೆ ಚಪ್ಪರ ಮಾಡಿದ. "ಇನ್ನು ಇದು ನಂಗೆ ಬೇಡಮ್ಮ, ಇದ್ರ ಮೇಲೆ ಹತ್ತಿದ್ರೆ ಹಕ್ಕಿ ಕೂತಂಗೆ" ಎಂದ.

ಏಣಿಯ ಪಕ್ಕದಲ್ಲಿ ಒಂದು ಚೀಟಿ ಅಂಟಿಸಿದ್ದರು: ಪ್ರತಿ ಮರದ ನಂತರ ಮಡಚಿ ಒಯ್ಯಿರಿ. ಕಾಫಿ ಗಿಡಗಳ ನಡುವೆ, ಬಗ್ಗಲೂ ಜಾಗವಿಲ್ಲದ ಕಡೆ, ಅದನ್ನು ಬಿಚ್ಚಿ ಮಡಚಿ ಮತ್ತೆ ಬಿಚ್ಚುವ ಹೊತ್ತಿಗೆ ಎರಡು ಬಳ್ಳಿ ಕೊಯ್ಯಬಹುದು. ನಾನು ದಿನಾ ಬೆಳಿಗ್ಗೆ ಹೇಳುತ್ತಿದ್ದೆ, "ತಂತಿ ಹತ್ರ ಜಾಗ್ರತೆ ಬೋಜ." ಅವನು ದಿನಾ "ಆತಮ್ಮ" ಎನ್ನುತ್ತಿದ್ದ. ಆದರೆ ಹುಟ್ಟಿದಾರಭ್ಯ ಏಣಿ ನಿಲ್ಲಿಸಿಕೊಂಡು ನಡೆದ ಮನುಷ್ಯ. ಕಾಲು ಕಲಿತದ್ದನ್ನು ಚೀಟಿ ಮರೆಸುತ್ತದೆಯೇ?

ನಾನು ಚಟ್ನಿ ರುಬ್ಬುತ್ತಿದ್ದೆ. ತೋಟದ ಕಡೆ ಪಟಾಕಿ ಒಡೆದಂತೆ ಒಂದು ಶಬ್ದ ಬಂತು, ಮಿಕ್ಸಿ ನಿಂತಿತು, ಹಜಾರದ ಫ್ಯಾನು ನಿಂತಿತು. ಕರೆಂಟು ನಮ್ಮಲ್ಲಿ ದಿನಾ ಹೋಗುತ್ತದೆ. ಆದರೆ ನನ್ನ ಕೈ ಮಿಕ್ಸಿಯ ಮೇಲೇ ಉಳಿಯಿತು. ಯಾರೂ ಬಂದು ಹೇಳುವ ಮೊದಲೇ ಗೊತ್ತಾಯಿತು. ಆಮೇಲೆ ಲಚ್ಚಿಯ ಕೂಗು ಕೇಳಿಸಿತು.

ಬೋಜ ಸಾಯಲಿಲ್ಲ. ಏಣಿ ಅವನನ್ನು ದೂರಕ್ಕೆ ಎಸೆದಿತ್ತು, ಅದೇ ಪುಣ್ಯ. ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ಬಹಳ ದಿನ ಇಟ್ಟುಕೊಂಡರು. ಬಲಗೈಯನ್ನು ಮಣಿಕಟ್ಟಿನ ಮೇಲಿನವರೆಗೆ ತೆಗೆದರು.

ಬೆಂಗಳೂರಿನಿಂದ ಅವನೂ ಬಂದಿದ್ದ. ಹಣ್ಣಿನ ಬುಟ್ಟಿ ತಂದಿದ್ದ. ಮಂಚದ ಹತ್ತಿರ ನಿಂತು ಕಣ್ಣು ಒರೆಸಿಕೊಂಡ. ಆ ಕಣ್ಣೀರು ನಿಜವಾದದ್ದೇ, ನಾನು ನೋಡಿದೆ. ಒರೆಸಿಕೊಂಡಾದ ಮೇಲೆ ಲಚ್ಚಿಯನ್ನು ಹೊರಗೆ ಕರೆದು ಮೆಲ್ಲಗೆ ಕೇಳಿದ: "ಏಣಿ ಮಡಚಿದ್ರಾ ಅಮ್ಮ, ಇಲ್ಲ ಹಾಗೇ ಒಯ್ತಿದ್ರಾ?"

"ಹಾಗೇ ಸಾರ್, ಯಾವಾಗ್ಲೂ ಹಾಗೇ ಅಲ್ವಾ?" ಎಂದಳು ಅವಳು.

ಫೋನಿನಲ್ಲಿ ಬರೆದುಕೊಂಡ. ಕಂಪನಿಯವರು ಆಮೇಲೆ ಚಿಕ್ಕಜ್ಜನಿಗೆ ಕಳಿಸಿದ ವರದಿಯಲ್ಲಿ ಅದೇ ಒಂದು ಸಾಲು: ಬಳಕೆದಾರರು ಸೂಚನೆ ಪಾಲಿಸಿಲ್ಲ. ಚಿಕ್ಕಜ್ಜ ಅದನ್ನು ಓದಿ ಮಡಚಿಟ್ಟರು. ಹೊರಗೆ ಹೋಗಿ ಹೋಮ್‌ಸ್ಟೇ ಬೋರ್ಡನ್ನು ಮೊಳೆ ಸಮೇತ ಕಿತ್ತರು.

ಆ ಮಳೆಗಾಲದ ತೇವಕ್ಕೆ ಗೋಡೆಯಲ್ಲಿ ಇನ್ನೂ ಉಳಿದಿದ್ದ ಚೀಟಿಗಳೂ ಒಂದೊಂದಾಗಿ ಉದುರಿದವು. ನಾನು ಗುಡಿಸಿ ಒಲೆಗೆ ಹಾಕಿದೆ. ಗೌರಮ್ಮ ಎಲ್ಲರಿಗಿಂತ ಹೆಚ್ಚು ದಿನ ತಾಳಿದಳು. ಅವಳಿಗೆ ಅಂಟು ಚೆನ್ನಾಗಿ ಹಾಕಿದ್ದ. ಕೂಲಿಯವರ ಲೈನಿನಲ್ಲಿ ಈಗಲೂ ಅವಳು ಬದುಕಿದ್ದಾಳೆ. ಯಾರಾದರೂ ಹಗುರ ಕೆಲಸ ಹುಡುಕಿಕೊಂಡು ಕೂತರೆ, "ನೀನೇನು ಗೌರಮ್ಮನಾ?" ಎನ್ನುತ್ತಾರೆ.

ಬೋಜ ಈಗ ಕಣದಲ್ಲಿ ಕೂತು ಒಣಗಲು ಹಾಕಿದ ಮೆಣಸು ಕಾಯುತ್ತಾನೆ, ಎಡಗೈಯಲ್ಲಿ ಕೋಲು ಹಿಡಿದು ಕೋಳಿ ಓಡಿಸುತ್ತಾನೆ. ನೀವು ರಜೆಗೆ ಬಂದಾಗ ಮಾತಾಡಿಸುವುದು ಅವನನ್ನೇ. ಕೈ ಏನಾಯಿತು ಎಂದು ನೀವು ಚಿಕ್ಕವರಿದ್ದಾಗ ಕೇಳಿದರೆ, "ಹುಲಿ ತಿಂತು" ಎನ್ನುತ್ತಿದ್ದ. ಹುಲಿಯಾದರೆ ಹಸಿವಿಗೆ ತಿನ್ನುತ್ತದೆ.

ಈ ವರ್ಷ, ಕಂಪನಿ ಬಿಡುವ ಸ್ವಲ್ಪ ಮೊದಲು, ಅವನು ಮತ್ತೆ ಬಂದ. ಕೂದಲು ನೆರೆತಿದೆ, ಬೂಟು ಹಾಗೇ ಇದೆ. ಜೊತೆಗೆ ಕ್ಯಾಮರಾ ಹಿಡಿದ ಒಬ್ಬಳು ಹುಡುಗಿ, ಕಾರಿನ ಮೇಲೆ ಕಟ್ಟಿದ ಹಳದಿ ಏಣಿ. ಎರಡನೇ ವರ್ಷನ್. ಶಾಕ್ ಹೊಡೆಯುವುದಿಲ್ಲ. "ನಿಮ್ಮದೇ ಐಡಿಯಾ ಆಂಟಿ. ಕೊಟ್ಟ ಮಾತು ಉಳಿಸಿಕೊಂಡೆ ನೋಡಿ" ಎಂದು ನನ್ನ ಕಾಲು ಮುಟ್ಟಿದ. ಏಣಿ ಒಳ್ಳೆಯದೇ, ಸ್ವಲ್ಪ ಭಾರ, ನಮ್ಮವರು ಅದನ್ನೇ ಬಳಸುತ್ತಿದ್ದಾರೆ. ನನ್ನ ತಿರಸ್ಕಾರ ಏಣಿಯ ಮೇಲಲ್ಲ.

ಬೋಜ ಕಣದಿಂದ ಎದ್ದು ಬಂದು ಎಡಗೈಯಲ್ಲಿ ಅದರ ಮೆಟ್ಟಿಲು ಸವರಿದ. "ಇದ್ರ ಮೇಲೆ ಗೌರಮ್ಮ ಹತ್ತಿ ನೋಡಿದ್ಳಾ ಸಾರ್?"

ಅವನು ಮುಗುಳ್ನಕ್ಕು ಹುಬ್ಬು ಏರಿಸಿದ. "ಯಾವ ಗೌರಮ್ಮ?"

ಮರೆತಿದ್ದ. ಯಾರ ಮಾತಿಗಾಗಿ ಮಿಂಚಿನ ಚೀಟಿಯನ್ನು ಕಿತ್ತು ಸರಿಸಿದನೋ, ಆ ಹೆಂಗಸಿನ ಹೆಸರೇ ಅವನಿಗೆ ನೆನಪಿರಲಿಲ್ಲ. ನನ್ನೊಳಗೆ ಅಷ್ಟು ವರ್ಷದಿಂದ ಇದ್ದ ನಾಚಿಕೆ ಆ ಗಳಿಗೆಯಲ್ಲಿ ಎಲ್ಲಿ ಹೋಯಿತೋ ಗೊತ್ತಿಲ್ಲ.

ಹುಡುಗಿ ನನ್ನನ್ನು ಜಗಲಿಯಲ್ಲಿ ಕೂರಿಸಿ, "ಅಜ್ಜಿ, ಅವತ್ತು ನೀವು ಸರ್‌ಗೆ ಏನು ಹೇಳಿದ್ರೋ ಅದನ್ನೇ ಹೇಳಿ" ಎಂದಳು. ಚೌಕಳಿ ಅಂಗಿ ಹಾಕಿದ್ದ ಬೋಜನನ್ನು ಕರೆದು ನನ್ನ ಎಡಪಕ್ಕದಲ್ಲಿ ನಿಲ್ಲಿಸಿಕೊಂಡೆ. ಆಮೇಲೆ ಬಾಯಿ ತೆರೆದೆ. ದೀಕ್ಷಾ, ಪಿಟೀಲು ಶುರುವಾಗುವುದು ಇಲ್ಲಿ. ನಾನು ಹೇಳಿದ್ದು ಇದು:

"ನಮ್ಮವು ಏಣಿ ನಿಲ್ಸಿಕಂಡೇ ನಡೆವದು, ಮೇಲೆ ಕರೆಂಟ್ ತಂತಿ ಉಟ್ಟು ಅಂತ ಹೇಳ್ದೆ. ನೀವು ಬರ್ಕೊಂಡ್ರಿ. ಆಮೇಲೆ ಅದನ್ನ ಕಿತ್ತು ಆಚೆ ಅಂಟ್ಸಿದ್ರಿ. ನಾ ನೋಡ್ದೆ. ಈಗ ಆ ಮಿಷನ್ನು ಹಿಂಗೆ ತಿರುಗ್ಸಿ, ಬೋಜನ ಕೈ ತೋರ್ಸಿ."

ಹುಡುಗಿ ಕ್ಯಾಮರಾ ತಿರುಗಿಸದೆ ಅವನ ಮುಖ ನೋಡಿದಳು. ಅವನು ಎರಡು ಬೆರಳನ್ನು ಕತ್ತರಿಯ ಹಾಗೆ ಆಡಿಸಿದ. ಚೀಟಿ ಎಳೆಯುತ್ತಿದ್ದ ಅದೇ ಬೆರಳುಗಳು. ಆಮೇಲೆ ನನಗೆ ಕೈಮುಗಿದು, "ಬ್ಯೂಟಿಫುಲ್ ಆಂಟಿ" ಎಂದ.

ಆ ಕೆಲಸ ಕಲಿಯಬೇಕೆಂದಿದ್ದರೆ ಕಲಿ ದೀಕ್ಷಾ, ನಾನು ಬೇಡ ಎನ್ನುವುದಿಲ್ಲ. ಮಾಡುವ ಮೊದಲು ಯಾರಾದರೂ ಕೇಳಿ ಬರೆಯಲೇಬೇಕು. ಆದರೆ ಆ ಚಿತ್ರವನ್ನು ಇನ್ನೊಂದು ಸಲ ಹಾಕು. ನಾನು ಬಾಯಿ ತೆರೆಯುವಲ್ಲಿ ನಿಲ್ಲಿಸು. ನನ್ನ ಮುಖ ಬಿಟ್ಟು ಬಲಗಡೆಯ ಅಂಚು ನೋಡು. ಚೌಕಳಿ ಅಂಗಿಯ ಒಂದು ತೋಳು ಕಾಣುತ್ತದೆ, ಭುಜದಿಂದ ಮೊಣಕೈವರೆಗೆ. ಅದು ಎಲ್ಲಿ ಮುಗಿಯುತ್ತದೆ ಎಂಬುದನ್ನು ಅವನು ಚಿತ್ರದಿಂದ ಹೊರಗೆ ಬಿಟ್ಟಿದ್ದಾನೆ.